ಅಮ್ಮ ರಾತ್ರಿ ಏಳುತ್ತಿದ್ದುದು

ಮನೀಶ್ ನಗರ, ನಾಗಪುರ
ಫೆಬ್ರವರಿ 9, ಸೋಮವಾರ

ಪ್ರೀತಿಯ ಹಂಸಕ್ಕನಿಗೆ ನಿನ್ನ ವನಜಳ ನಮಸ್ಕಾರ.

ಚಿತ್ರದುರ್ಗದಲ್ಲಿ ಎಲ್ಲರೂ ಹೇಗಿದ್ದೀರಿ? ಭಾವನ ಮಂಡಿನೋವು ಇಳಿಯಿತೇ? ಲಾಸ್ಯಳ ಪರೀಕ್ಷೆ ಹತ್ತಿರ ಬಂತು, ಮಗಳು ನಿದ್ದೆಗೆಟ್ಟು ಓದದಿರಲಿ. ಅಮ್ಮ ಈಗ ಹುಷಾರಾಗಿದ್ದಾಳೆ, ನಿನ್ನೆ ಗೇಟಿನವರೆಗೂ ನಡೆದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೇಲೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚು, ಅದು ನಿನಗೆ ಗೊತ್ತಿಲ್ಲದ್ದೇನಲ್ಲ. ಅಮ್ಮ ನನ್ನ ಮನೆಗೆ ಬಂದು ಎರಡು ವರ್ಷವಾಯಿತು. ಬಿಸಿ ಅನ್ನ ಬಡಿಸುವವಳು ನಾನು, ತಲೆಗೆ ಎಣ್ಣೆ ಹಚ್ಚುವವಳು ನಾನು. ಅವಳು ಬಾಯಿ ತೆರೆದರೆ ಮಾತ್ರ ‘ನಮ್ಮ ಹಂಸ ಸಾರು ಮಾಡಿದ್ರೆ ಬೀದಿಗೆಲ್ಲ ಘಮ’. ದೀಪಾವಳಿ ಕಳೆದ ಮೇಲೆ ರಾತ್ರಿ ಹೊತ್ತು ಅವಳ ಕೋಣೆಯ ದೀಪ ಉರಿಯತೊಡಗಿತು, ಒಂದಕ್ಕೆ, ಎರಡೂವರೆಗೆ, ಮತ್ತೆ ನಾಲ್ಕೂವರೆಗೆ. ಒಂದು ದಿನ ಬಾಗಿಲ ಬಳಿ ಹೋಗಿ ನಿಂತೆ. ಫೋನಿನಲ್ಲಿ ಪಿಸುದನಿಯಲ್ಲಿ ನಿನ್ನ ಜೊತೆ ಮಾತಾಡುತ್ತಿದ್ದಳು. ನನಗೆ ಅಷ್ಟೇ ಸಾಕಾಯಿತು. ಅವಳು ಏಳುವುದೆಲ್ಲ ನಿನ್ನ ಹತ್ತಿರ ನನ್ನ ದೂರು ಹೇಳುವುದಕ್ಕೇ ಎಂದುಕೊಂಡೆ. ತಲೆದೆಸೆಯ ದೊಡ್ಡ ಚೊಂಬಿನ ನೀರು ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಬಚ್ಚಲ ಬಾಗಿಲ ಸದ್ದು ನಾಲ್ಕೈದು ಸಲ ಕೇಳುತ್ತಿತ್ತು. ಅಂಗಾಲು ಉರಿಯೆಂದು ಈ ಚಳಿಯಲ್ಲೂ ಕಾಲನ್ನು ರಜಾಯಿಯ ಹೊರಗಿಟ್ಟು ಮಲಗುತ್ತಿದ್ದಳು. ‘ಅಮ್ಮನಿಗೆ ಶುಗರ್ ಟೆಸ್ಟ್ ಮಾಡಿಸು, ತಡ ಮಾಡಬೇಡ’ ಎಂದು ನೀನು ಮೆಸೇಜ್ ಹಾಕಿದಾಗ, ಅಲ್ಲಿ ಕೂತು ನನ್ನ ಮನೆ ಆಳುತ್ತಾಳೆ ಎಂದು ಉರಿದುಹೋದೆ. ಅಮ್ಮನ ಫೋನು ರಿಪೇರಿಗೆ ಹೋಗಿದೆ ಎಂದೆನಲ್ಲ, ಅದು ಸುಳ್ಳು. ಹನ್ನೊಂದು ದಿನ ಅದು ನನ್ನ ಬೀರುವಿನಲ್ಲಿತ್ತು.

ಹನ್ನೆರಡನೆಯ ರಾತ್ರಿ ಅಮ್ಮ ತಲೆ ಸುತ್ತಿ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು. ಇವರು ಬುಟಿಬೋರಿ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿದ್ದರು. ಪಕ್ಕದ ಮನೆಯ ನಿತಿನ್ ಕಾರು ತೆಗೆದರು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ನಾನೂರು ದಾಟಿತ್ತು. ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ಡಾಕ್ಟರಮ್ಮ ಕೇಳಿದರು. ನಾಲ್ಕು ಸಲ, ಕೆಲವು ದಿನ ಐದು, ಮೂರು ತಿಂಗಳಿಂದ ಎಂದು ತಟ್ಟನೆ ಹೇಳಿದೆ. ಹೊಟ್ಟೆಕಿಚ್ಚಿಗೆ ಎಣಿಸಿಟ್ಟಿದ್ದೆನಲ್ಲ. ‘ಇತ್ನಾ ಮಾಲೂಮ್ ಥಾ, ಫಿರ್ ಲಾಯೀ ಕ್ಯೋಂ ನಹೀ?’ ಎಂದರು. ಇಷ್ಟು ಗೊತ್ತಿದ್ದೂ ಯಾಕೆ ಕರೆತರಲಿಲ್ಲ ಎಂದು ಕೇಳಿದ್ದು.

ಮೂರನೆಯ ದಿನ ಅಮ್ಮನ ಹತ್ತಿರ ಫೋನಿನ ವಿಷಯ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ‘ನೀನು ಐದಕ್ಕೇ ಏಳೋಳು, ನಿನ್ನ ನಿದ್ದೆ ಕೆಡಿಸ್ಬಾರ್ದು ಅಂತ ಅವಳಿಗೆ ಹೇಳ್ಕೊಂಡೆ ಕಣೆ’ ಎಂದಳು. ಆಗಲೂ, ಅಕ್ಕ, ಒಂದು ಗಳಿಗೆ ನನ್ನ ಹೊಟ್ಟೆ ಉರಿಯಿತು. ಪಕ್ಕದ ಕೋಣೆಯ ನನಗೆ ತಿಳಿಯದ್ದು ಅಷ್ಟು ದೂರದ ನಿನಗೆ ತಿಳಿಯಿತಲ್ಲ ಎಂದು. ಈಗ ಇನ್ಸುಲಿನ್ ನಾನೇ ಕೊಡುತ್ತೇನೆ. ಫೋನು ಅಮ್ಮನ ಕೈಯಲ್ಲಿದೆ. ನನ್ನನ್ನು ಬೈದು ಕಾಗದ ಬರೆ, ಓದುತ್ತೇನೆ.

ಭಾವನಿಗೆ ನಮಸ್ಕಾರ, ಲಾಸ್ಯಳ ತಲೆ ಸವರಿದೆನೆಂದು ಹೇಳು.

ನಿನ್ನ ತಂಗಿ,
ವನಜಾಕ್ಷಿ

ತಾ.ಕ.: ಅಮ್ಮನಿಗಿರುವುದರಿಂದ ಮಕ್ಕಳಾದ ನಾವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದ್ದರು. ನನ್ನ ರಿಪೋರ್ಟ್ ಈಗಷ್ಟೇ ಬಂತು, ನನಗೂ ಸಕ್ಕರೆ ಇದೆ. ಇವರಿಗೂ ಅಮ್ಮನಿಗೂ ಹೇಳಿಲ್ಲ, ನಿನಗೇ ಮೊದಲು. ಕಾಗದ ತಲುಪಿದ ಮರುದಿನವೇ ಖಾಲಿ ಹೊಟ್ಟೆಯಲ್ಲಿ ಹೋಗಿ ನೀನೂ ಮಾಡಿಸಿಕೋ. ನಿನಗೇನೂ ಇಲ್ಲವೆಂದು ಬಂದರೆ, ದೇವರಾಣೆ, ಹೊಟ್ಟೆಕಿಚ್ಚು ಪಡುವುದಿಲ್ಲ.