ಸಿಕ್ಕ ಸೀಟನ್ನು ಬಚ್ಚಿಟ್ಟವಳಿಗೆ

ನನ್ನ ಮೌನಗೌರಿಗೆ,

ಈ ಕಾಗದ ನಿನ್ನ ಕೈಗೆ ಸಿಗುವ ಹೊತ್ತಿಗೆ ರೈಲು ಹೊರಟಿರುತ್ತದೆ. ನಿನ್ನ ಅಮ್ಮನ ಕೈಗೆ ಕೊಡುತ್ತೇನೆ, ನಿನ್ನ ಸ್ವೆಟರಿನ ಮಡಿಕೆಯಲ್ಲಿ ಇಟ್ಟುಬಿಡಿ ಅಂತ ಹೇಳಿದ್ದೇನೆ. ಊರಿಗೆಲ್ಲ ಕೇಳಿಸುವಂತೆ ಮಾತಾಡುವವಳಿಗೆ ಇದೇನು ಹೊಸ ನಾಚಿಕೆ ಅಂತ ನಗಬೇಡ. ಎದುರಿಗೆ ಹೇಳಹೊರಟರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ತಮಾಷೆ ಶುರು ಮಾಡುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಅಪ್ಪನ ಕೆಲಸದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲೇ ಅಪ್ಪ ಯಾರದೋ ಕೆಳದವಡೆಯ ಕೃತಕ ಹಲ್ಲಿನ ಸೆಟ್ಟನ್ನು ಉಜ್ಜಿ ನುಣುಪು ಮಾಡುತ್ತಿದ್ದಾರೆ. ಕಾಗದದ ಮೇಲೆ ಬಿಳಿ ಪುಡಿ ಕಂಡರೆ ಗಾಬರಿಯಾಗಬೇಡ, ಅದು ಪ್ಲಾಸ್ಟರು.

ಈ ಕೋಣೆಯಲ್ಲಿ ನಾವು ಮಾಡಿದ ನಾಟಕ ನೆನಪಿದೆಯಾ? ವಿಶ್ವವಿದ್ಯಾಲಯದ ಸೀಟಿನ ಸಂದರ್ಶನಕ್ಕೆ ತಯಾರಿ ಅಂತ ಅಪ್ಪನ ಪ್ಲಾಸ್ಟರ್ ದವಡೆಗಳನ್ನು ಮೇಜಿನ ಮೇಲೆ ಸಾಲಾಗಿ ಕೂರಿಸಿ, ಇವರೇ ಪ್ರೊಫೆಸರುಗಳು ಅಂತ ಅಂದುಕೊಂಡು ಉತ್ತರ ಹೇಳುತ್ತಿದ್ದೆವು. ನಾನು ಅರಳು ಹುರಿದ ಹಾಗೆ ಮಾತಾಡುತ್ತಿದ್ದೆ, ದವಡೆಗಳು ಹಲ್ಲು ಕಿರಿದುಕೊಂಡು ಕೇಳುತ್ತಿದ್ದವು. ನಿನ್ನ ಸರದಿ ಬಂದಾಗ ನೀನು ಸುಮ್ಮನೆ ಕೂತುಬಿಡುತ್ತಿದ್ದೆ. “ಏನಾದರೂ ಹೇಳೇ, ಅವರಿಗೆ ಕಿವಿ ಇಲ್ಲ” ಅಂದರೆ, “ಯೋಚನೆ ಮಾಡ್ತಿದ್ದೀನಿ ಇರು” ಅನ್ನುತ್ತಿದ್ದೆ. ಅಪ್ಪ ಮಾತ್ರ ತಲೆ ಎತ್ತದೆ, “ಈ ಹುಡುಗಿ ಪಾಸಾಗ್ತಾಳೆ” ಅಂದಿದ್ದರು ಒಮ್ಮೆ. ಯಾವ ಹುಡುಗಿ ಅಂತ ನಾನು ಕೇಳಲೇ ಇಲ್ಲ. ನಾನೇ ಅಂದುಕೊಂಡಿದ್ದೆ.

ಸಮಾಜ, ರಾಜಕೀಯ ಎರಡನ್ನೂ ಒಟ್ಟಿಗೆ ಕಲಿಸುವ ಆ ಕೋರ್ಸಿನ ಹುಚ್ಚು ನನಗೆ ಹತ್ತಿದ್ದು ಪುಸ್ತಕದಿಂದಲ್ಲ ಕಣೇ, ನಿನ್ನಿಂದ. ನಮ್ಮ ಕಟ್ಟಡದ ಹಿಂದಿನ ಸಣ್ಣ ಗೇಟಿಗೆ ಬೀಗ ಹಾಕಬೇಕು ಅಂತ ಸಭೆ ಸೇರಿದ್ದರಲ್ಲ, ಆ ದಿನ. ಹಿಂದಿನ ಗಲ್ಲಿಯವರು ಬಸ್ ಸ್ಟಾಪಿಗೆ ಹೋಗಲು ನಮ್ಮ ಅಂಗಳ ದಾಟುತ್ತಾರೆ, ಇದೇನು ಛತ್ರವಾ ಅಂತ ಕೆಳಮನೆಯ ಅಂಕಲ್ ಕೂಗಾಡಿದರು. ಎಲ್ಲರೂ ಕೈ ಎತ್ತಿದರು. ನಮ್ಮಪ್ಪ ಎತ್ತಿದರು, ನಿಮ್ಮಮ್ಮನೂ ಎತ್ತಿದರು. ಆಗ ನೀನು, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವಳು, ಹಿಂದಿನ ಸಾಲಿನಿಂದ ಎದ್ದು ನಿಂತೆ. “ಕೈ ಎತ್ತಿದವರೆಲ್ಲ ಒಳಗಿನವರು. ಗೇಟು ಮುಚ್ಚಿದರೆ ಸುತ್ತಿಕೊಂಡು ಹೋಗಬೇಕಾದವರು ಹೊರಗಿನವರು. ಅವರನ್ನ ಯಾರಾದರೂ ಕೇಳಿದಿರಾ?” ಅಂದೆ. ಅಂಕಲ್, “ಕೂತ್ಕೊಳಮ್ಮ, ಮಕ್ಕಳಿಗೆಲ್ಲ ಓಟಿಲ್ಲ” ಅಂತ ರೇಗಿದರು, ಉಳಿದವರೂ ದನಿಗೂಡಿಸಿದರು. ನೀನು ಕೂತೆ. ಗೇಟಿಗೆ ಬೀಗವೂ ಬಿತ್ತು. ಆದರೆ ನನಗೆ ಆ ರಾತ್ರಿಯಿಡೀ ನಿದ್ದೆಯಿಲ್ಲ. ಇಷ್ಟು ಸಣ್ಣ ಪ್ರಶ್ನೆಗೆ ದೊಡ್ಡವರೆಲ್ಲ ಯಾಕೆ ಅಷ್ಟು ರೇಗಿದರು ಅಂತ ತಿಳಿಯಲೇಬೇಕು ಅನ್ನಿಸಿತು.

ಆಮೇಲೆ ನಾನು ಓದಿದ್ದೇ ಓದಿದ್ದು. ಲೈಬ್ರರಿಯಲ್ಲಿ ಆ ಕಪಾಟನ್ನು ಅರೆದು ಕುಡಿದೆ. ಸಂದರ್ಶನದ ದಿನ ಒಳಗೆ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆಯೇ ಇದು: “ಬಹುಮತದಿಂದ ತೀರ್ಮಾನ ಆಗಬೇಕು ಅಂತೀವಿ. ಆದರೆ ಮತ ಹಾಕೋರು ಯಾರು ಅನ್ನೋದನ್ನ ಯಾರು ತೀರ್ಮಾನ ಮಾಡಬೇಕು?” ನಿನ್ನ ಗೇಟು! ಚಿನ್ನದ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಎದುರಿಗೆ ಇಟ್ಟರು. ನಾನು ಮಾಡಿದ್ದೇನು? ಓದಿದ್ದೆಲ್ಲವನ್ನೂ ಮೇಜಿನ ಮೇಲೆ ಸುರಿದೆ. ಮಧ್ಯದಲ್ಲಿ ಕೂತಿದ್ದ ಮೇಡಂ ಏನೋ ಕೇಳಲು ಮತ್ತೆ ಮತ್ತೆ ಬಾಯಿ ತೆರೆದರು, ಒಂದು ಸಲವೂ ನಾನು ಬಿಡಲಿಲ್ಲ. ಕೊನೆಗೆ ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಅದನ್ನು ಮೆಚ್ಚುಗೆ ಅಂದುಕೊಂಡು ಹೊರಗೆ ಬಂದೆ. ನಿನ್ನನ್ನು ಕೇಳಿದರೆ, “ಜಾಸ್ತಿ ಏನೂ ಹೇಳಲಿಲ್ಲ. ಗೇಟಿನ ವಿಷಯ ಹೇಳಿದೆ, ಆಮೇಲೆ ಅವರು ಕೇಳಿದ್ದಕ್ಕೆಲ್ಲ ಗೊತ್ತಿಲ್ಲ, ಗೊತ್ತಿಲ್ಲ ಅಂದೆ” ಅಂತ ಮುಖ ಸಣ್ಣಗೆ ಮಾಡಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನಗೆ ಧೈರ್ಯ ಹೇಳಿಕೊಂಡು ಬಂದವಳು ನಾನು, ನೋಡು!

ಫಲಿತಾಂಶದ ದಿನ ಇದೇ ಕೋಣೆ. ಇಬ್ಬರ ಫೋನೂ ಒಟ್ಟಿಗೆ ಕಿಣಿಕಿಣಿ ಅಂದವು. ನನ್ನದನ್ನು ನಾನು ಗಟ್ಟಿಯಾಗಿ ಓದಿದೆ, “ವಿಷಾದದಿಂದ ತಿಳಿಸುತ್ತೇವೆ” ಅನ್ನುವವರೆಗೆ. ಮುಂದಿನದು ಕಣ್ಣಿಗೆ ಕಾಣಲಿಲ್ಲ. “ನಿಂದು?” ಅಂದೆ. ನೀನು ಫೋನನ್ನು ಮಡಿಲಲ್ಲಿ ಬೋರಲು ಹಾಕಿ, “ನಂದೂ ಅಷ್ಟೇ” ಅಂದೆ. ಜನ್ಮದಲ್ಲಿ ನೀನು ಹೇಳಿದ ಮೊದಲ ಸುಳ್ಳು ಇರಬೇಕು. ಎಷ್ಟು ಚೆನ್ನಾಗಿ ಹೇಳಿದೆ! ನಾನು ನಂಬಿದೆ. ನಂಬಿ ನಿನ್ನ ಹೆಗಲು ತಟ್ಟಿದೆ. ಮುಂದಿನ ವರ್ಷ ಇಬ್ಬರೂ ಒಟ್ಟಿಗೆ ಅರ್ಜಿ ಹಾಕೋಣ, ಒಟ್ಟಿಗೆ ಹೋಗೋಣ ಅಂದೆ. ನೀನು ತಲೆಯಾಡಿಸಿದೆ.

ಮಾರನೇ ವಾರ ನಾನು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ, ನನ್ನಲ್ಲಿ ಏನು ಕಡಿಮೆಯಾಯಿತು ಅಂತ ಕೇಳಿದೆ. ಗುಮಾಸ್ತರೊಬ್ಬರು ಓದಿ ಹೇಳಿದರು: “ಚೆನ್ನಾಗಿ ಓದಿಕೊಂಡಿದ್ದಾರೆ. ಆದರೆ ನಾವು ಕೇಳಿದ ಪ್ರಶ್ನೆಗಲ್ಲ, ತಾವು ತಯಾರಾಗಿ ಬಂದ ಪ್ರಶ್ನೆಗೆ ಉತ್ತರ ಕೊಟ್ಟರು.” ಮೈಯೆಲ್ಲ ಉರಿದುಹೋಯಿತು. ಅವತ್ತು ಸಂಜೆ ನಿನ್ನೆದುರು ಆ ಪ್ರೊಫೆಸರುಗಳ ಜನ್ಮ ಜಾಲಾಡಿದೆ. ನೀನು ಎಲ್ಲವನ್ನೂ ಕೇಳಿಸಿಕೊಂಡು, “ಅವರು ಹೇಳಿದ್ದು ತಪ್ಪಾ?” ಅಂತ ಮೆಲ್ಲಗೆ ಕೇಳಿದೆ. ಆ ಒಂದು ಮಾತಿಗೇ ನಾನು, ಬೇರೆಯವರ ಮಾತು ಕೇಳಿಸಿಕೊಳ್ಳುವುದನ್ನು ಕಲಿಯೋಣ ಅಂತ, ಜನಾಭಿಪ್ರಾಯ ಕೇಳುವ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ. ಮೊದಲ ದಿನವೇ ಮೇಲ್ವಿಚಾರಕಿ ಬೈದರು: “ಪ್ರಶ್ನೆನೂ ನೀನೇ ಕೇಳ್ತೀಯ, ಉತ್ತರನೂ ನೀನೇ ಹೇಳ್ತೀಯ. ಬಾಗಿಲು ತೆಗೆದವರು ಏನು ನಿನ್ನ ಪ್ರೇಕ್ಷಕರಾ?” ಆಮೇಲೆ ನಾಲಿಗೆ ಕಚ್ಚಿಕೊಂಡು ಕಾಯುವುದನ್ನು ಕಲಿತೆ. ಒಬ್ಬರ ಮನೆಯಲ್ಲಿ, ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡಿದ್ದ ಯಜಮಾನರು ಬಾಗಿಲು ತೆಗೆದರು. ಸರ್ಕಾರದ ಮೇಲೆ ನಂಬಿಕೆ ಇದೆಯಾ, ತುಂಬಾ, ಸ್ವಲ್ಪ, ಇಲ್ಲ ಅಂತ ಕೇಳಿದೆ. “ಯಾವ ಹೊತ್ತಿನಲ್ಲಿ?” ಅಂದರು. ನಾನು ಸುಮ್ಮನಿದ್ದೆ. ನಂಬು, ಸುಮ್ಮನಿದ್ದೆ! ನಲ್ಲಿಯಲ್ಲಿ ನೀರು ಬಂದಾಗ ಇದೆ, ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಇಲ್ಲ, ಚುನಾವಣೆ ಬಂದಾಗ ನಗು ಬರುತ್ತೆ ಅಂತ ಅವರು ಹೇಳುತ್ತಾ ಹೋದರು. ಕೆನ್ನೆಯ ಸೋಪು ಒಣಗಿಹೋಯಿತು. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮೆಟ್ಟಿಲಿಳಿಯುವಾಗ ನನಗೆ ಹಾರಿಬಿಡುವಷ್ಟು ಖುಷಿ. ಓದುವುದಾದರೆ ಇದನ್ನೇ ಓದಬೇಕು ಅಂತ ಎರಡನೇ ಸಲ ಅನ್ನಿಸಿದ್ದು ಅಲ್ಲಿ.

ಆ ಖುಷಿಯಲ್ಲೇ ತರಕಾರಿ ಅಂಗಡಿಗೆ ಬಂದರೆ ನಿಮ್ಮಮ್ಮ ಸಿಕ್ಕಿದರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿದ್ದರು, ಕಣ್ಣು ಕೆಂಪಗಿತ್ತು. “ನೀನಾದರೂ ಹೇಳಮ್ಮ ಅವಳಿಗೆ. ಸಿಕ್ಕಿರೋ ಸೀಟು ಬೇಡ ಅಂತಾಳೆ. ಶುಕ್ರವಾರ ಕೊನೇ ದಿನ” ಅಂದರು. ಕೈಯಲ್ಲಿದ್ದ ಟೊಮೆಟೊ ಕೈಯಲ್ಲೇ ಉಳಿಯಿತು.

ಮೆಟ್ಟಿಲ ಮೇಲೆ ನಿನ್ನನ್ನು ಹಿಡಿದು ನಿಲ್ಲಿಸಿ ನಾನು ಆಡಿದ ಮಾತು ಇಡೀ ಕಟ್ಟಡಕ್ಕೆ ಕೇಳಿಸಿತು. “ನನಗೆ ಭಿಕ್ಷೆ ಹಾಕ್ತಿದ್ದೀಯಾ?” ಅಂದೆ. “ನೀನಿಲ್ಲದೆ ಅಲ್ಲಿ ಹೋಗಿ ಏನು ಮಾಡಲಿ? ನನಗಿಂತ ಜಾಸ್ತಿ ಓದಿದವಳು ನೀನು” ಅಂದೆ ನೀನು. “ನೀನು ಬಿಟ್ಟ ಸೀಟು ನನಗೆ ಬರಲ್ಲ ಕಣೇ! ಯಾರೋ ಗುರುತು ಪರಿಚಯ ಇಲ್ಲದವರಿಗೆ ಹೋಗುತ್ತೆ. ಅವರು ನಿನಗೆ ಥ್ಯಾಂಕ್ಸ್ ಕೂಡ ಹೇಳಲ್ಲ” ಅಂದೆ ನಾನು. ಆಗ ನೀನು ಕೇಳಿದೆಯಲ್ಲ, ನಿನ್ನ ಆ ಸಣ್ಣ ದನಿಯಲ್ಲಿ: “ನಿನಗೆ ಕೋಪ ಬಂದಿರೋದು ನಾನು ಬಚ್ಚಿಟ್ಟಿದ್ದಕ್ಕಾ, ಸೀಟು ಸಿಕ್ಕಿದ್ದಕ್ಕಾ?”

ಬೇರೆ ದಿನವಾಗಿದ್ದರೆ ನಿನ್ನ ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಬಂದಿರುತ್ತಿತ್ತು. ಅವತ್ತು ಮೆಟ್ಟಿಲ ಮೇಲೆ ಕೂತೆ. ನಿಜಕ್ಕೂ ಯಾವುದಕ್ಕೆ ಅಂತ ಯೋಚಿಸಿದೆ. ಕೆಳಮನೆಯ ಬಾಗಿಲು ತೆರೆದು, ಅಂಕಲ್ ಇಣುಕಿ ನೋಡಿ, ಮತ್ತೆ ಮುಚ್ಚಿಕೊಂಡರು. “ಎರಡಕ್ಕೂ” ಅಂದೆ. “ಹೊಟ್ಟೆಕಿಚ್ಚು ಇದೆ. ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಅದು ನನ್ನದು, ನಾನು ನೋಡ್ಕೋತೀನಿ. ಸೀಟು ನಿನ್ನದು, ನೀನು ನೋಡ್ಕೋ.”

ನೀನು ಪಕ್ಕದಲ್ಲಿ ಕೂತೆ. ಫೋನ್ ತೆಗೆದು, ‘ಒಪ್ಪಿದ್ದೇನೆ’ ಅನ್ನುವಲ್ಲಿ ಬೆರಳಿಟ್ಟೆ. ಒತ್ತುವ ಮುಂಚೆ ನನ್ನ ಮುಖ ನೋಡಿದೆ. ನಾನು ಏನೂ ಹೇಳಲಿಲ್ಲ. ಒತ್ತಿದವಳು ನೀನೇ. ಅದನ್ನು ಮರೆಯಬೇಡ.

ಈಗ ನನ್ನ ಸುದ್ದಿ. ಮುಂದಿನ ವರ್ಷದ ಅರ್ಜಿ ನಿನ್ನೆ ಕಳಿಸಿದೆ. ಈ ಸಲ ಅದರಲ್ಲಿ ಪುಸ್ತಕಗಳ ಮೆರವಣಿಗೆ ಇಲ್ಲ. ಮುಖಕ್ಕೆ ಸೋಪು ಹಚ್ಚಿಕೊಂಡವರು ಕೇಳಿದ್ದನ್ನು ಬರೆದಿದ್ದೇನೆ, ಅದಕ್ಕೆ ಉತ್ತರ ನನಗೆ ಗೊತ್ತಿಲ್ಲ, ಹುಡುಕಬೇಕು ಅಂತಲೂ ಬರೆದಿದ್ದೇನೆ. ಅಪ್ಪ ಓದಿ, “ಇದು ನೀನೇ ಬರೆದಿದ್ದಾ? ಇಷ್ಟು ಚಿಕ್ಕದಾಗಿದೆ!” ಅಂದರು. ಸಿಗುತ್ತದೆ ಅಂತಲೇ ನನ್ನ ಮನಸ್ಸು ಹೇಳುತ್ತಿದೆ. ಅಲ್ಲಿ ಸಿಗದಿದ್ದರೆ ಇನ್ನೊಂದು ಕಡೆ ಇದನ್ನೇ ಓದುತ್ತೇನೆ. ನಿನ್ನ ಜೂನಿಯರ್ ಆಗಿ ಬಂದರೂ ನಿನ್ನನ್ನು ಅಕ್ಕಾ ಅಂತ ಮಾತ್ರ ಕರೆಯುವುದಿಲ್ಲ, ಈಗಲೇ ಹೇಳಿದ್ದೇನೆ.

ಅಲ್ಲಿ ಕ್ಲಾಸಿನ ತುಂಬ ನನ್ನಂಥವರೇ ಇರುತ್ತಾರೆ, ಪ್ರಶ್ನೆ ಬೀಳುವ ಮೊದಲೇ ಉತ್ತರ ಎಸೆಯುವವರು. ಮೊದಲ ವಾರ ನಿನಗೆ, ನಾನಿಲ್ಲಿ ಯಾಕೆ ಬಂದೆ ಅನ್ನಿಸುತ್ತದೆ. ಹೆದರಬೇಡ. ಅವರೆಲ್ಲ ಮಾತು ಮುಗಿಸಲಿ. ಆಮೇಲೆ ನೀನು ಎದ್ದು ನಿಂತು ಒಂದೇ ಒಂದು ಕೇಳು. ಕೂತ್ಕೊಳಮ್ಮ ಅಂತ ಯಾರಾದರೂ ಅಂದರೆ, ಈ ಸಲ ಕೂರಬೇಡ.

ಹೊಟ್ಟೆತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು, ಅಮ್ಮನಿಗೆ ದಿನಾ ಫೋನ್ ಮಾಡು. ಹೋದ ಕಡೆಯೆಲ್ಲ ನಿನಗೆ ಒಳ್ಳೆಯದೇ ಆಗಲಿ.

ಒಂದು ವರ್ಷ ತಡವಾಗಿ ಹೊರಟಿರುವ,
ನಿನ್ನ ಗೆಳತಿ