ಬೊಂಬೆಯ ಸಾವಿಗೆ ನನ್ನ ಸಮಜಾಯಿಷಿ

ನರ್ಸುಗಳ ನಿರಂತರ ಶಿಕ್ಷಣ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಹುಟ್ಟಿದೊಡನೆ ಉಸಿರಾಡದ ಮಗುವಿಗೆ ಉಸಿರು ಕೊಡುವುದು ಹೇಗೆಂಬ ತಮ್ಮ ಮೂರು ಗಂಟೆಯ ತರಗತಿಗೆ ನಾನು ಗೈರುಹಾಜರಾದೆನೆಂದೂ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನವಜಾತ ಶಿಶುಗಳನ್ನು ಮುಟ್ಟಲು ಅನರ್ಹಳೆಂದೂ, ಆದ್ದರಿಂದ ಹೆರಿಗೆ ವಾರ್ಡು ಬಿಟ್ಟು ಬಟ್ಟೆ ಉಗ್ರಾಣದಲ್ಲಿ ಹೊದಿಕೆ ಮಡಿಸತಕ್ಕದ್ದೆಂದೂ ತಮ್ಮ ಪತ್ರ ಬಂದಿದೆ. ಇಪ್ಪತ್ತಾರು ವರ್ಷ ಹೊದಿಕೆಯಲ್ಲಿ ಮಕ್ಕಳನ್ನು ಸುತ್ತಿದವಳು ಇನ್ನು ಮಕ್ಕಳಿಲ್ಲದ ಹೊದಿಕೆ ಸುತ್ತಬೇಕು. ಗೈರುಹಾಜರಿಯ ಕಾರಣ ಬರೆಯಲು ಕೆಳಗೆ ಒಂದು ಗೆರೆಯಷ್ಟು ಜಾಗವನ್ನೂ ಬಿಟ್ಟಿದ್ದೀರಿ. ಕಾರಣ ಇಷ್ಟೇ: ತರಗತಿ ನಡೆಯುತ್ತಿದ್ದ ಹೊತ್ತಿನಲ್ಲಿ, ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಹುಟ್ಟಿದೊಡನೆ ಉಸಿರಾಡದ ಒಂದು ಮಗುವಿಗೆ ನಾನು ಉಸಿರು ಕೊಡುತ್ತಿದ್ದೆ. ಇದು ತಮ್ಮ ಗೆರೆಯಲ್ಲಿ ಹಿಡಿಯಲಿಲ್ಲ, ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಉಗ್ರಾಣದ ಬೀಗದ ಕೈ ಈಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಪತ್ರಕ್ಕೆ ಎರಡನೇ ಪುಟವೂ ಇದೆ. ಅದನ್ನು ಎರಡು ಸಲ ಓದಿ, ಮೂರನೇ ಸಲ ನಮ್ಮ ಯಜಮಾನರ ಕೈಲಿ ಓದಿಸಿದೆ. 'ಸದರಿ ದಿನದಂದು ತಾವು ತರಬೇತಿ ಶಿಶುವಿನ ಪುನಶ್ಚೇತನ ಕಾರ್ಯಕ್ಕೆ ಅಡ್ಡಿಪಡಿಸಿ, ಸದರಿ ಶಿಶುವು ಉಸಿರಾಟವನ್ನು ಆರಂಭಿಸದೆ ಅಂತ್ಯಗೊಳ್ಳಲು ಕಾರಣರಾಗಿರುತ್ತೀರಿ.' ಯಜಮಾನರು ಕನ್ನಡಕ ತೆಗೆದು, ಯಾರ ಮಗುವೇ ಹೋದದ್ದು ಎಂದು ಮೆಲ್ಲಗೆ ಕೇಳಿದರು. ಮಗು ರಬ್ಬರಿನದು, ಹೊಟ್ಟೆಯಲ್ಲಿ ಬ್ಯಾಟರಿ ಇದೆ, ಹೆತ್ತವರು ಯಾರೂ ಇಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಮಾಡಿದ್ದ ಕಾಫಿ ಆರಿಹೋಯಿತು. ತಮ್ಮ ಕಚೇರಿಯಲ್ಲಿ ಬೊಂಬೆಗೂ ಮಗುವಿಗೂ ಒಂದೇ ನಮೂನೆಯ ಅರ್ಜಿಯಂತೆ, ಆದ್ದರಿಂದ 'ಮೃತರ ತಾಯಿಯ ವಿಳಾಸ' ಎಂಬ ಕಲಮೂ ಇದೆ. ಅದನ್ನು ನಾನು ಖಾಲಿ ಬಿಟ್ಟಿದ್ದೇನೆ, ಕ್ಷಮೆಯಿರಲಿ.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಎಳೆಗೂಸಿನ ಮುಖಕ್ಕೆ ಕೂರುವ ಮಾಸ್ಕು ಇರುವುದು ಒಂದೇ ಒಂದು. ಅದಕ್ಕೆ ಸೇರಿದ ಗಾಳಿಚೀಲವನ್ನು ಎರಡು ಬೆರಳಲ್ಲಿ ಒತ್ತಿದರೆ ಆ ಅಂಗೈಯಗಲದ ಎದೆ ಮೇಲೇಳುತ್ತದೆ. ಅಂದು ಬೆಳಿಗ್ಗೆ ತಮ್ಮ ತರಬೇತುದಾರರು ಬೊಂಬೆಯನ್ನು ಶಾಲಿನಲ್ಲಿ ಸುತ್ತಿ, ಎದೆಗವಚಿಕೊಂಡು ತಂದರು. ಬೊಂಬೆಯ ಮಾಸ್ಕನ್ನು ಮಾತ್ರ ಮರೆತು ಬಂದಿದ್ದರು. ತರಬೇತಿಗೆ ಎಲ್ಲ ವಾರ್ಡುಗಳೂ ಸಹಕರಿಸತಕ್ಕದ್ದು ಎಂಬ ತಮ್ಮ ಸುತ್ತೋಲೆ ತೋರಿಸಿ, ಅರ್ಧ ಗಂಟೆಗೆಂದು ಸಹಿ ಹಾಕಿ ನಮ್ಮದನ್ನೇ ಮೇಲಕ್ಕೆ ಒಯ್ದರು. ಜೀವ ಉಳಿಸುವುದನ್ನು ಕಲಿಸಲು ಜೀವ ಉಳಿಸುವ ಸಾಮಾನನ್ನೇ ಎತ್ತಿಕೊಂಡು ಹೋಗುವುದಕ್ಕೆ ಏನೆನ್ನಬೇಕೋ ನನಗಂತೂ ತಿಳಿಯದು. ತಮ್ಮಲ್ಲಿ ಅದಕ್ಕೂ ಒಂದು ಪದ ಇರಬಹುದು.

ನಾನು ಸಭಾಂಗಣದ ಬಾಗಿಲಲ್ಲಿ ಹಾಜರಿ ಪುಸ್ತಕದ ಮೇಲೆ ಪೆನ್ನು ಇಟ್ಟಿದ್ದೆ, ಇನ್ನೂ ಗೀಚಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಕೆಳಗಿಂದ ನಮ್ಮ ಆಯಾ ಕೂಗಿದಳು. ಅವಳನ್ನು ನಾವು ಮಿಂಚಕ್ಕ ಎನ್ನುತ್ತೇವೆ. ಹೆಜ್ಜೆ ಇಟ್ಟರೆ ನೆಲಕ್ಕೆ ನೋವಾದೀತು ಎಂಬಂತೆ ನಡೆಯುವವಳು, ಅದಕ್ಕೇ ಆ ಹೆಸರು. ಅವಳು ಕೂಗಿದಳೆಂದರೆ ವಿಷಯ ಸಣ್ಣದಲ್ಲ. ಪೆನ್ನು ಅಲ್ಲೇ ಬಿಟ್ಟು ಇಳಿದೆ. ಹೆತ್ತವಳು ಬಸ್ ಕಂಡಕ್ಟರು, ಚೊಚ್ಚಲ ಹೆರಿಗೆ. ಮಗು ನೀಲಿಗಟ್ಟಿ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಡಾಕ್ಟರು ಇನ್ನೊಬ್ಬಳ ಆಪರೇಷನ್ನಿನಲ್ಲಿದ್ದರು. ನನ್ನ ಜೊತೆಯ ನರ್ಸು, ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವಳು, ತಾಯಿಯ ರಕ್ತಸ್ರಾವ ನೋಡಿಕೊಳ್ಳುತ್ತಿದ್ದಳು. ಮಾಸ್ಕಿಗೆ ಕೈ ಚಾಚಿದರೆ ಗೋಡೆಯಲ್ಲಿ ಬರೀ ಮೊಳೆ ಇತ್ತು.

ಮಾಸ್ಕು ತಾ ಎಂದೆ, ಮಿಂಚಕ್ಕ ಮೇಲಕ್ಕೆ ಓಡಿದಳು. ಓಡಿದಳು ಎಂಬುದನ್ನು ಕಣ್ಣಾರೆ ಕಂಡ ಸಾಕ್ಷಿಗಳಿದ್ದಾರೆ. ಅಲ್ಲಿ ತಮ್ಮ ತರಬೇತುದಾರರು ಮೂವತ್ತೆರಡು ನರ್ಸುಗಳ ನಡುವೆ ಬೊಂಬೆಗೆ ಗಾಳಿ ಕೊಡುತ್ತಿದ್ದರಂತೆ. ಮಾಸ್ಕು ಕೇಳಿದರೆ, ಪ್ರಾತ್ಯಕ್ಷಿಕೆ ಅರ್ಧದಲ್ಲಿದೆ, ಬೊಂಬೆಗೆ ಹಸಿರು ದೀಪ ಹತ್ತುವ ತನಕ ನಿಲ್ಲಿಸುವಂತಿಲ್ಲ, ಹೊರಗೆ ಕಾಯಿರಿ ಎಂದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಹೆರದವರಿಗೂ ರಬ್ಬರು ಇಷ್ಟೊಂದು ಮುದ್ದಾಗುವುದು ನನಗೆ ಗೊತ್ತಿರಲಿಲ್ಲ. ಮಿಂಚಕ್ಕ ಹೊರಗೆ ಕಾಯಲಿಲ್ಲ. "ಸ್ವಾಮಿ, ನಿಮ್ಮದಕ್ಕೆ ಬ್ಯಾಟ್ರಿ ಇದೆ. ಕೆಳಗಿರೋದಕ್ಕೆ ಇಲ್ಲ" ಎಂದು ಬೊಂಬೆಯ ಮುಖದಿಂದ ಮಾಸ್ಕು ಕಿತ್ತುಕೊಂಡು ಬಂದಳು. ಬೊಂಬೆಗೆ ಕೆಂಪು ದೀಪ ಹತ್ತಿತು. ಅದರ ಹೊಟ್ಟೆಯೊಳಗಿನ ಯಂತ್ರ 'ಶಿಶು ಬದುಕಿಲ್ಲ' ಎಂದು ದಾಖಲಿಸಿಕೊಂಡಿತು. ಮೂವತ್ತೆರಡು ಜನರ ತರಗತಿ ಲೆಕ್ಕಕ್ಕಿಲ್ಲವಾಯಿತು. ಕೆಳಗೆ, ಆರನೇ ನಿಮಿಷದಲ್ಲಿ, ನಮ್ಮ ಮಗು ಅತ್ತಿತು. ಅದನ್ನು ದಾಖಲಿಸಿಕೊಳ್ಳುವ ಯಂತ್ರ ಯಾರ ಹೊಟ್ಟೆಯಲ್ಲೂ ಇರಲಿಲ್ಲ.

ತಮ್ಮ ಕಚೇರಿಗೂ ಬಂದೆ. ತಾವು ಕಡತಗಳನ್ನು ಕಡತದಲ್ಲಿಡುವುದರ ಕುರಿತ ಸಭೆಯಲ್ಲಿದ್ದಿರಿ. ಕಿಟಕಿಯ ಹಿಂದಿನ ಗುಮಾಸ್ತರು ಬಹಳ ಸಂಭಾವಿತರು, ನನ್ನ ಮಾತನ್ನು ಪೂರ್ತಿ ಕೇಳಿದರು, ಬರೆದುಕೊಂಡರು, ಕಳೆಯುವ ಲೆಕ್ಕ ಮಾಡಿದರು. ಆಮೇಲೆ ತಲೆ ಎತ್ತಿ ಕೇಳಿದರು: "ಪಾಠ ಮೂರು ಗಂಟೆದು ಸಿಸ್ಟರ್. ನೀವು ಮಾಡಿದ್ದು ಆರು ನಿಮಿಷ. ಉಳಿದ ಎರಡು ಗಂಟೆ ಐವತ್ನಾಲ್ಕು ನಿಮಿಷ ಎಲ್ಲಿ ತೋರಿಸ್ಲಿ?" ಮಗು ಇನ್ನಷ್ಟು ತಡವಾಗಿ ಅತ್ತಿದ್ದರೆ ತಮಗೆ ಅನುಕೂಲವಾಗುತ್ತಿತ್ತೇ ಎಂದು ಕೇಳಿದೆ. ಅವರು ನಿಜಕ್ಕೂ ಯೋಚಿಸಿದರು. ಮೂರು ಗಂಟೆ ಅಳದಿದ್ದರೆ ತರಗತಿಗೆ ಸಮ ಎಂದು ಪರಿಗಣಿಸಬಹುದಿತ್ತು, ಆದರೆ ಅದಕ್ಕೆ ಮುಂಚಿತವಾಗಿ ಅನುಮತಿ ಬೇಕು ಎಂದರು. ಮುಂದಿನ ತರಗತಿ ಯಾವಾಗ ಎಂದರೆ ಎಂಟು ತಿಂಗಳಿಗೆ, ಬೊಂಬೆಯ ಮರಣ ವಿಚಾರಣೆ ಮುಗಿದ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಪೂಜಾರಿಯನ್ನು ನಾನು ಅಂದು ಮೊದಲ ಸಲ ಮುಖತಃ ಕಂಡೆ.

ಹೊರಡುವಾಗ ಅವರು ನನ್ನ ಹಳೆಯ ದಾಖಲೆ ತೆಗೆದು, ಬೇಸರ ಬೇಡ, ನಿಮ್ಮ ಕಲಿಕೆಯ ಗಂಟೆಗಳು ಇಡೀ ಆಸ್ಪತ್ರೆಯಲ್ಲೇ ಹೆಚ್ಚು ಎಂದು ಸಮಾಧಾನ ಹೇಳಿದರು. ನೋಡಿದೆ. ದೂರವಾಣಿಯಲ್ಲಿ ಮುಗುಳ್ನಗೆಯಿಂದ ಉತ್ತರಿಸುವುದು ನಾಲ್ಕು ಗಂಟೆ. ಬೆಂಕಿ ಬಿದ್ದಾಗ ಸಾಲಾಗಿ ನಿಲ್ಲುವುದು ಆರು ಗಂಟೆ. ಸುತ್ತೋಲೆಗಳನ್ನು ಅರ್ಥ ಮಾಡಿಕೊಳ್ಳುವುದು ಹನ್ನೆರಡು ಗಂಟೆ. ಎಳೆಗೂಸಿನ ಉಸಿರಿನ ಬಗ್ಗೆ ಒಂದೇ ಒಂದು ತರಗತಿ, ಹನ್ನೊಂದು ವರ್ಷದ ಹಿಂದೆ. ಅಂದು ನಾನು ಕೊನೆಯ ಸಾಲಿನಲ್ಲಿದ್ದೆ, ನನಗೆ ಕಂಡದ್ದು ಬೊಂಬೆಯ ಎರಡು ಪಾದ. ಮುಟ್ಟುವ ಸರದಿ ಮೊದಲ ಎರಡು ಸಾಲಿಗೇ ಮುಗಿಯಿತು, ಉಳಿದವರಿಗೆ ಪ್ರಮಾಣಪತ್ರ ಕೊಟ್ಟು ಕಳಿಸಿದರು. ಪಾದಗಳ ವಿಷಯದಲ್ಲಿ ನಾನು ಅರ್ಹಳೆಂದು ಈಗಲೂ ಎದೆ ತಟ್ಟಿ ಹೇಳಬಲ್ಲೆ.

ಇಲ್ಲಿಯವರೆಗೆ ನಗಾಡಿದ್ದಾಯಿತು. ತಮ್ಮ ಪತ್ರದಲ್ಲಿ ನನ್ನ ತಪ್ಪುಗಳೆಂದು ಎರಡು ಪಟ್ಟಿ ಮಾಡಿದ್ದೀರಿ, ಗೈರುಹಾಜರಿ ಒಂದು, ಬೊಂಬೆಯ ಸಾವು ಒಂದು. ಅವೆರಡನ್ನೂ ನಾನು ಒಪ್ಪುವುದಿಲ್ಲ. ನಾನು ಮಾಡಿದ ತಪ್ಪು ಬೇರೆಯೇ ಇದೆ, ಅದನ್ನು ತಮ್ಮ ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಮಾಸ್ಕು ಬರುವ ತನಕ ನಾನು ಮಗುವನ್ನು ಒರೆಸಿದೆ, ಬೆನ್ನು ತಿಕ್ಕಿದೆ, ಕೊಳವೆ ಹಾಕಿ ಬಾಯಿ ಮೂಗಿನ ದ್ರವ ಎಳೆದೆ. ಮಾಸ್ಕು ಬಂತು, ಮಿಂಚಕ್ಕ ಅದನ್ನು ನನ್ನ ಮೊಣಕೈ ಪಕ್ಕದಲ್ಲೇ ಇಟ್ಟಳು. ಆಮೇಲೂ ನಾನು ಎಳೆಯುತ್ತಲೇ ಇದ್ದೆ. ಇಪ್ಪತ್ತಾರು ವರ್ಷದ ಹಿಂದೆ ನನಗೆ ಕಲಿಸಿದ್ದು ಹಾಗೆ: ಮೊದಲು ಪೂರ್ತಿ ಚೊಕ್ಕ ಮಾಡು, ಆಮೇಲೆ ಉಸಿರು. ಈಗ ಹಾಗಲ್ಲವಂತೆ. ಉಸಿರಿನ ದಾರಿ ಕಟ್ಟಿಕೊಂಡಿಲ್ಲದಿದ್ದರೆ ಎಳೆಯುತ್ತಾ ಕೂರಬಾರದು, ಅದರಿಂದಲೇ ಎದೆಬಡಿತ ಇಳಿಯಬಹುದು, ಮೊದಲು ಗಾಳಿ. ಅದು ನನ್ನ ಕೈಗೆ ಗೊತ್ತಿರಲಿಲ್ಲ. ತಾಯಿಯ ಹೊಟ್ಟೆಯ ಮೇಲಿಂದ ಕೈ ತೆಗೆಯದೆಯೇ ನನ್ನ ಜೊತೆಯವಳು ಹೇಳಿದಳು: "ಅಕ್ಕಾ, ಎಳೆದಿದ್ದು ಸಾಕು. ಗಾಳಿ ಕೊಡಿ." ಅಷ್ಟರಲ್ಲಿ ಅರ್ಧ ನಿಮಿಷ ಹೋಗಿತ್ತು. ಮಾಸ್ಕು ಮಹಡಿ ಮೇಲಿದ್ದ ಹೊತ್ತು ತಮ್ಮದು, ಈ ಅರ್ಧ ನಿಮಿಷ ನನ್ನದು. ನನಗೆ ನಾಚಿಕೆಯಾಗುತ್ತದೆ, ಹೆದರಿಕೆಯೂ ಆಗುತ್ತದೆ. ಅವಳು ಅಲ್ಲಿರದಿದ್ದರೆ ನಾನು ಇನ್ನೆಷ್ಟು ಹೊತ್ತು ಎಳೆಯುತ್ತಿದ್ದೆನೋ, ಇದಕ್ಕೂ ಹಿಂದೆ ಎಷ್ಟು ಮಕ್ಕಳಿಗೆ ಹೀಗೆ ಮಾಡಿದ್ದೇನೋ.

ಆದ್ದರಿಂದ ನನ್ನ ಬೇಡಿಕೆ ತಾವು ಅಂದುಕೊಂಡದ್ದಲ್ಲ. ನನಗೆ ವಿನಾಯಿತಿ ಬೇಡ. ಆ ತರಗತಿ ಬೇಕು. ಮೇಲಿನ ಸಭಾಂಗಣದಲ್ಲಲ್ಲ, ಕೆಳಗೆ, ನಮ್ಮ ವಾರ್ಡಿನ ಆ ಮೊಳೆಯ ಪಕ್ಕದಲ್ಲಿ, ನಾವು ನಿಜವಾಗಿ ನಿಲ್ಲುವ ಮೇಜಿನ ಮುಂದೆ. ತಿಂಗಳಿಗೊಮ್ಮೆ ಕಾಲು ಗಂಟೆ ಸಾಕು, ಆದರೆ ಪ್ರತಿಯೊಬ್ಬಳ ಕೈಗೂ ಬೊಂಬೆ ಸಿಗಬೇಕು. ಬೊಂಬೆಗೆ ಅದರದೇ ಮಾಸ್ಕು ಇರಬೇಕು, ವಾರ್ಡಿನ ಮಾಸ್ಕು ಯಾವ ಸುತ್ತೋಲೆ ಬಂದರೂ ಮೊಳೆ ಬಿಟ್ಟು ಕದಲಬಾರದು. ಕಲಿಸಲು ದೊಡ್ಡವರು ಯಾರೂ ಬರಬೇಕಿಲ್ಲ, ನನ್ನ ಜೊತೆಯವಳೇ ಸಾಕು. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದಾಳೆ, ಅವಳ ಕೈಲಿ ಬೈಸಿಕೊಂಡು ಕಲಿಯಲು ನನಗೇನೂ ಮುಜುಗರವಿಲ್ಲ.

ಇದನ್ನು ತಮ್ಮ ನಮೂನೆಯಲ್ಲಿ ಬರೆಯದೆ ಊರೆಲ್ಲ ಓದುವಂತೆ ಏಕೆ ಬರೆದೆ ಎಂದರೆ, ಆಸ್ಪತ್ರೆಯಿಂದ ಹೊರಡುವ ದಿನ ಆ ಕಂಡಕ್ಟರು ನನ್ನನ್ನು ಕೇಳಿದಳು: "ಪಾಪು ಅಳೋದು ಅಷ್ಟು ತಡ ಯಾಕಾಯ್ತು ಸಿಸ್ಟರ್?" ನಾನು ಮಾಸ್ಕಿನ ಕತೆ, ಮೆಟ್ಟಿಲ ಕತೆ, ಬೊಂಬೆಯ ಕತೆ ಎಲ್ಲ ಹೇಳಿದೆ. ಅವಳು ನಕ್ಕಳು ಕೂಡ. ಅರ್ಧ ನಿಮಿಷದ ಕತೆ ಹೇಳಲಿಲ್ಲ. ಈಗ ಹೇಳಿದ್ದೇನೆ. ಅವಳ ಮನೆಗೆ ಈ ಪತ್ರಿಕೆ ಬರುತ್ತದೆ. ಮಗುವಿನ ಲಸಿಕೆಗೆಂದು ಈ ತಿಂಗಳ ಕೊನೆಯ ಬುಧವಾರ ಅವಳು ವಾರ್ಡಿನ ಬಾಗಿಲಿಗೆ ಬರುತ್ತಾಳೆ, ಬಂದವಳು ಇದನ್ನು ಓದಿಯೇ ಬಂದಿರುತ್ತಾಳೆ. ಅವಳೆದುರು ನಿಂತು "ತಪ್ಪಾಯ್ತಮ್ಮ" ಎನ್ನಲು ನನಗೆ ಯಾರ ಅನುಮತಿಯೂ ಬೇಡ. "ಈಗ ಕಲಿತಿದ್ದೀನಿ" ಎನ್ನಲು ಬೇಕು. ಬುಧವಾರದೊಳಗೆ ಕಲಿಸಿ.

ಇಂತಿ,
ನವಜಾತ ಶಿಶುಗಳನ್ನು ಮುಟ್ಟಲು ಅನರ್ಹಳೆಂದು ತಮ್ಮಿಂದ ಪೂರ್ತಿಯಾಗಿಯೂ,
ತನ್ನಿಂದ ಅರ್ಧ ನಿಮಿಷದ ಮಟ್ಟಿಗೂ ಪರಿಗಣಿತಳಾದ
ಹೆರಿಗೆ ವಾರ್ಡಿನ ಹಿರಿಯ ನರ್ಸು
(ತಿಂಗಳ ಕೊನೆಯವರೆಗೆ)