ಕ್ಷೇಮವಾಗಿರುವ ಕೆಲಸ

ನವೆಂಬರ್ ೧೮, ಭಾನುವಾರ

ಪ್ರೀತಿಯ ಟಕಟಕಿ,

ನಿನ್ನ ಪತ್ರ ನಿನ್ನೆ ಕೈ ಸೇರಿತು. ಮಾರ್ಚ್‌ನಲ್ಲಿ ಬರೆದದ್ದು ನವೆಂಬರ್‌ನಲ್ಲಿ ಬಂದಿದೆ ನೋಡು, ಅಂಚೆಯವರು ಯಾವ ಮೂಲೆಯಲ್ಲಿ ಮಲಗಿಸಿದ್ದರೋ! ಉತ್ತರ ಇಷ್ಟು ತಡವಾದದ್ದಕ್ಕೆ ನನ್ನನ್ನು ಬೈದುಕೊಂಡಿರುತ್ತೀಯ. ಬೈದದ್ದನ್ನೆಲ್ಲ ಅಂಚೆಯವರ ಹೆಸರಿಗೆ ವರ್ಗಾಯಿಸಿಬಿಡು.

ನಾನು ಕ್ಷೇಮ. ಇದು ಬಾಯಿಮಾತಿನ ಕ್ಷೇಮವಲ್ಲ. ನಿವೃತ್ತಿಯಾದ ಮೇಲೆ ಕ್ಷೇಮವಾಗಿರುವುದೇ ನನ್ನ ಕೆಲಸ. ಮೂವತ್ತಾರು ವರ್ಷ ಆವಕ ವಿಭಾಗದಲ್ಲಿ ಕೂತು, ಕಚೇರಿಗೆ ಬಂದ ಪ್ರತಿ ಕಾಗದಕ್ಕೂ ತಾರೀಖಿನ ಠಸ್ಸೆ ಒತ್ತಿದವಳು ನಾನು. ಆ ಕೆಲಸಕ್ಕಿಂತ ಇದು ಕಷ್ಟ ಕಣೇ. ಅಲ್ಲಿ ಭಾನುವಾರ ರಜೆಯಾದರೂ ಇತ್ತು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನು ಕಿವಿಗೆ ಹಿಡಿದರೆ ನನ್ನ ತಲೆಗೆ ಕೆಟ್ಟದ್ದು ಎಂದು ತಮ್ಮನ ಹೆಂಡತಿ ಎಲ್ಲಿಯೋ ಓದಿದ್ದಾಳೆ. ಹಾಗಾಗಿ ಅದನ್ನು ಊಟದ ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಎಲ್ಲರೂ ಸುತ್ತ ಕೂತಿರುವಾಗ ನಾನು ಮಾತಾಡಬೇಕು. ಬಿಸಿಲು ಜಾಸ್ತಿ, ಚಳಿ ಕಡಿಮೆ ಎನ್ನುವುದನ್ನು ಬಿಟ್ಟು ನಿನ್ನ ಹತ್ತಿರ ಇನ್ನೇನು ಹೇಳಲಿ? ಈಗ ಎಲ್ಲರೂ ಊಟ ಮಾಡಿ ಮಲಗಿದ್ದಾರೆ. ನಾನೂ ಮಲಗಿದ್ದೇನೆ ಎಂದು ತಿಳಿದಿದ್ದಾರೆ. ಅದಕ್ಕೇ ಈ ಪತ್ರ.

ಈ ಮನೆಯ ವಿಷಯ ನಿನಗೆ ಗೊತ್ತೇ ಇದೆ. ತಮ್ಮನ ರೇಡಿಯೋ ರಿಪೇರಿ ಅಂಗಡಿ ಈಗ ಹೆಸರಿಗೆ ಮಾತ್ರ. ಬಾಗಿಲು ತೆಗೆಯುತ್ತಾನೆ, ಪೇಪರ್ ಓದುತ್ತಾನೆ, ಬಾಗಿಲು ಹಾಕುತ್ತಾನೆ. ಮನೆ ನಡೆಯುವುದೂ ಅವನ ಮಗಳ ನರ್ಸಿಂಗ್ ಓದು ನಡೆಯುವುದೂ ನನ್ನ ಪಿಂಚಣಿಯಲ್ಲಿ. ಅದಕ್ಕೆ ನನಗೆ ಬೇಸರವಿಲ್ಲ. ಸಂಬಳ ಬರುತ್ತಿದ್ದಾಗಲೂ ಹಾಗೇ ಇತ್ತು. ಆದರೆ ಸಂಬಳಕ್ಕೂ ಪಿಂಚಣಿಗೂ ಏನು ವ್ಯತ್ಯಾಸ ಎಂದು ಈ ಮನೆಗೆ ಗೊತ್ತಾದ ದಿನ ನನಗೆ ಚೆನ್ನಾಗಿ ನೆನಪಿದೆ.

ಅರ್ಜಿ ತುಂಬಲು ತಮ್ಮನೂ ನನ್ನ ಜೊತೆ ಪಿಂಚಣಿ ಕಚೇರಿಗೆ ಬಂದಿದ್ದ. ಅಲ್ಲಿಯ ಗುಮಾಸ್ತರು ಒಂದು ಖಾಲಿ ಸಾಲಿನ ಮೇಲೆ ಪೆನ್ನು ಊರಿ, "ಗಂಡ, ಮಕ್ಕಳು?" ಎಂದು ಕೇಳಿದರು.

"ಇಲ್ಲ."

"ಹಾಗಾದ್ರೆ ಇಲ್ಲಿ ಒಂದು ಗೆರೆ ಎಳೀರಿ. ನಿಮ್ಮ ನಂತರ ಇದು ಯಾರಿಗೂ ಹೋಗಲ್ಲ."

ತಮ್ಮ ಮೇಜಿನ ಮೇಲೆ ಬಗ್ಗಿದ. "ಅಂದ್ರೆ, ಅಕ್ಕ ಇರೋ ತನಕ ಮಾತ್ರಾನಾ ಸಾರ್?"

"ಅವರು ಇರೋ ತನಕ ಮಾತ್ರ."

ನಾನು ಗೆರೆ ಎಳೆದೆ. ಹಿಂದಿರುಗುವಾಗ ರಸ್ತೆ ದಾಟುತ್ತ ತಮ್ಮ, ಬದುಕಿನಲ್ಲಿ ಮೊದಲ ಸಲ, ನನ್ನ ಮೊಣಕೈ ಹಿಡಿದುಕೊಂಡ. ಅವತ್ತು ಹಿಡಿದದ್ದನ್ನು ಇನ್ನೂ ಬಿಟ್ಟಿಲ್ಲ.

ಮರುದಿನವೇ ನನ್ನ ತಟ್ಟೆಯಿಂದ ಉಪ್ಪು ಮಾಯವಾಯಿತು. ಆಮೇಲೆ ಎಣ್ಣೆ, ಆಮೇಲೆ ಸಕ್ಕರೆ. ಬಚ್ಚಲಿಗೆ ರಬ್ಬರ್ ಚಾಪೆ ಬಂತು, ಕುರ್ಚಿ ಬಂತು, ಒಳಗಿನ ಚಿಲಕ ಹೋಯಿತು. ನಾನು ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದಂತೆ! ಸ್ನಾನ ಮುಗಿಯುವವರೆಗೂ ತಮ್ಮನ ಹೆಂಡತಿ ಹೊರಗೆ ನಿಂತು "ಅತ್ತಿಗೆ, ಆಯ್ತಾ? ಅತ್ತಿಗೆ, ಇದ್ದೀರಾ?" ಎನ್ನುತ್ತಿರುತ್ತಾಳೆ. ಬಚ್ಚಲಲ್ಲಿ ಗಂಟಲು ಬಿಚ್ಚಿ ಹಾಡುತ್ತಿದ್ದ ನಾನು ಈಗ ಪ್ರತಿ ಚೊಂಬಿಗೂ ಒಮ್ಮೆ "ಇದ್ದೀನಮ್ಮಾ" ಎನ್ನುತ್ತೇನೆ. ಮಹಡಿ ಮೆಟ್ಟಿಲಿಗೆ ಬೀಗ. ನೀರಿನ ಬಕೆಟ್ ಮುಟ್ಟುವಂತಿಲ್ಲ. ಬೆಳಿಗ್ಗೆ, ಸಂಜೆ ತಮ್ಮ ರಕ್ತದೊತ್ತಡ ನೋಡುವ ಯಂತ್ರವನ್ನು ನನ್ನ ತೋಳಿಗೆ ಸುತ್ತಿ, ಬಂದ ಅಂಕಿಯನ್ನು ತಾರೀಖು ಹಾಕಿ ನೋಟ್‌ಪುಸ್ತಕದಲ್ಲಿ ಬರೆಯುತ್ತಾನೆ. ನಮ್ಮ ಆವಕ ವಹಿಯನ್ನು ನಾನೂ ಅಷ್ಟು ಅಚ್ಚುಕಟ್ಟಾಗಿ ಇಟ್ಟಿರಲಿಲ್ಲ. ನಾನೊಂದು ಸೀನು ಸೀನಿದರೆ ಮೂರು ಕೋಣೆಗಳಿಂದ ಮೂರು ಜನ ಬಂದು ನಿಲ್ಲುತ್ತಾರೆ.

ನಗಬೇಡ. ಸರಿ, ನಗು. ನಾನೂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಅಕ್ಕಪಕ್ಕದವರು ಬಂದು "ಇಂಥ ತಮ್ಮ ಯಾರಿಗುಂಟು ಹೇಳಿ, ಪುಣ್ಯ ಮಾಡಿದ್ರಿ" ಎಂದು ಹೋಗುತ್ತಾರೆ. ನಾನು ತಲೆಯಾಡಿಸುತ್ತೇನೆ. ದೂರು ಹೇಳಬೇಕೆಂದರೆ ಏನು ಹೇಳಲಿ? ಬೈಯುತ್ತಾರೆಯೇ, ಇಲ್ಲ. ಹಸಿದಿದ್ದೇನೆಯೇ, ಇಲ್ಲ. ನನ್ನನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಉಸಿರು ಕಟ್ಟುತ್ತಿದೆ ಎಂದರೆ ಯಾರು ನಂಬುತ್ತಾರೆ?

ಹೋದ ತಿಂಗಳು ಊಟಕ್ಕೆ ಕೂತಿದ್ದಾಗ ತಮ್ಮನ ಮಗಳು ನನ್ನ ಭುಜಕ್ಕೆ ಒರಗಿ, "ಅತ್ತೆ, ನನ್ನ ಕೋರ್ಸ್ ಮುಗಿಯೋ ತನಕ ನೀವು ಎಲ್ಲಿಗೂ ಹೋಗೋ ಹಾಗಿಲ್ಲ, ಹೇಳಿಬಿಟ್ಟಿದ್ದೀನಿ" ಎಂದಳು. ಹುಡುಗಾಟಕ್ಕೆ ಹೇಳಿದ್ದು. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ತಮ್ಮ ತಟ್ಟೆಯಲ್ಲಿದ್ದುದನ್ನು ಅತ್ತಿತ್ತ ಸರಿಸಿದ. ಅವನ ಹೆಂಡತಿ ನೀರು ತರಲು ಎದ್ದಳು, ನೀರು ಮೇಜಿನ ಮೇಲೇ ಇತ್ತು. ಆ ಹುಡುಗಿಗೆ ತಾನೇನು ತಪ್ಪು ಮಾತಾಡಿದೆ ಎಂದು ತಿಳಿಯಲೇ ಇಲ್ಲ, ಪಾಪ.

ಇರಲಿ, ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ಇನ್ನೂ ಟೈಪ್ ಮಾಡಿಯೇ ಕಾಗದ ಬರೆಯುತ್ತೀಯಲ್ಲೇ, ಅಂಚು ಬಿಟ್ಟು, ಪ್ಯಾರಾ ಮಾಡಿ! ಓದುತ್ತಿದ್ದರೆ ನಿನ್ನ ಯಂತ್ರದ ಟಕಟಕ ಸದ್ದೇ ಕೇಳಿಸಿತು. ಠಸ್ಸೆ ಬಿದ್ದ ಕಾಗದಕ್ಕೆ ಏಳು ದಿನದೊಳಗೆ ಉತ್ತರ ಹೋಗಲೇಬೇಕು ಎಂಬ ನಮ್ಮ ಕಚೇರಿಯ ನಿಯಮ ನೆನಪಿದೆಯಾ? ಉತ್ತರ ಟೈಪ್ ಮಾಡುವವಳು ನೀನು. ತೊಡಕಿನ ಕಾಗದ ಬಂದಿತೆಂದರೆ ನನ್ನ ಮೇಜಿನ ಹತ್ತಿರ ಸುಳಿದು, "ಲೇ ಠಸ್ಸೆ, ಇದನ್ನ ನಾಲ್ಕು ದಿನ ಮಲಗಿಸೇ, ಬೆರಳು ಸೋತುಹೋಗಿದೆ" ಅನ್ನುತ್ತಿದ್ದೆ. ನಾನು ಠಸ್ಸೆ ಒತ್ತದೆ ಅದನ್ನು ಕೆಳಗಿನ ಖಾನೆಗೆ ಸೇರಿಸುತ್ತಿದ್ದೆ. ಠಸ್ಸೆ ಬಿದ್ದಿಲ್ಲ ಅಂದರೆ ಕಾಗದ ಬಂದೇ ಇಲ್ಲ! ಸಾಹೇಬರೂ ಬಾಯಿ ಮುಚ್ಚಿಕೊಂಡು ಒಪ್ಪುತ್ತಿದ್ದರು. ನಿವೃತ್ತಿಯ ದಿನ ಎಲ್ಲರೂ ಸೇರಿ ಗೋಡೆ ಗಡಿಯಾರ ಕೊಟ್ಟರು. ನಾನು ಆ ಹಳೆಯ ಠಸ್ಸೆಯನ್ನೂ ಕೇಳಿ ತಂದೆ. ಅದರಲ್ಲಿ ವರ್ಷದ ಪಟ್ಟಿ ಮುಗಿದುಹೋಗಿದೆ, ದಿನ ಮತ್ತು ತಿಂಗಳು ಮಾತ್ರ ತಿರುಗುತ್ತವೆ.

ಈಗ ನಡೆದ ಒಂದು ಸಂಗತಿ ಹೇಳುತ್ತೇನೆ. ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ಖುದ್ದಾಗಿ ಹೋಗಿ, ಬದುಕಿದ್ದೇನೆ ಎಂದು ಸಹಿ ಹಾಕಿ ಬರಬೇಕು, ನೀನೂ ಹೋಗುತ್ತೀಯಲ್ಲ. ವರ್ಷಕ್ಕೆ ನನ್ನದು ಅದೊಂದೇ ಸವಾರಿ. ತಮ್ಮ ಕರೆದುಕೊಂಡು ಹೋಗುತ್ತಾನೆ, ಕರೆದುಕೊಂಡು ಬರುತ್ತಾನೆ. ಈ ಸಲ ಐದನೇ ತಾರೀಖಿಗೆ ಅವನಿಗೆ ವಿಪರೀತ ನೆಗಡಿ. ನನಗೆ ಅಂಟೀತೆಂದು ಎರಡು ದಿನದಿಂದ ಅಂಗಡಿಯಲ್ಲೇ ಮಲಗುತ್ತಿದ್ದ. ಅವನ ಹೆಂಡತಿ ಮಗಳ ಕಾಲೇಜಿಗೆ ಹೋಗಲೇಬೇಕಿತ್ತು. ಕೊನೆಗೆ ಗುರುತಿನ ಆಟೋದವನಿಗೆ ಹತ್ತು ಸಲ ಹೇಳಿ ನನ್ನೊಬ್ಬಳನ್ನೇ ಕಳಿಸಿದರು. ನಾನು ಕಚೇರಿಯ ಮುಂದೆ ಇಳಿದು, "ತಡವಾಗುತ್ತೆ, ನೀನು ಹೋಗಪ್ಪಾ" ಎಂದು ಅವನನ್ನು ಕಳಿಸಿಬಿಟ್ಟೆ. ಅವನು ಹೋದ ಮೇಲೆ ರಸ್ತೆ ಅಂಚಿನಲ್ಲಿ ಎರಡು ನಿಮಿಷ ಸುಮ್ಮನೆ ನಿಂತಿದ್ದೆ. ಮೊಣಕೈ ಹಗುರವಾಗಿತ್ತು.

ಅದೇ ಗುಮಾಸ್ತರು. "ಒಬ್ಬರೇ ಬಂದ್ರಾ? ತಮ್ಮ ಎಲ್ಲಿ?" ಎಂದರು.

"ಅವನಿಗೆ ನೆಗಡಿ."

"ನಿಮಗೆ ತಗುಲಿಲ್ಲ ತಾನೇ?" ಅವರೂ ಕೇಳಿದರು ನೋಡು! ಸಹಿ ಹಾಕಿದೆ. ಅವರು ಠಸ್ಸೆ ಒತ್ತಿದರು, ಓರೆಯಾಗಿ ಬಿತ್ತು. ನೆಟ್ಟಗೆ ಒತ್ತಿಕೊಡಲು ನನ್ನ ಕೈ ಕಡಿಯಿತು. ಇನ್ನೊಂದು ವರ್ಷಕ್ಕೆ ನಾನು ಬದುಕಿದ್ದೇನೆ ಎಂದಾಯಿತು.

ಕಚೇರಿಯ ಪಕ್ಕದಲ್ಲೇ ಬಸ್ ನಿಲ್ದಾಣ. ಹೋಗಿ ಬೆಂಚಿನ ಮೇಲೆ ಕೂತೆ. ಎದುರಿಗೆ ನಿನ್ನ ಊರಿನ ಬಸ್ ನಿಂತಿತ್ತು. ಹನ್ನೊಂದರದ್ದು ಹೋಯಿತು. ಹನ್ನೆರಡರದ್ದೂ ಹೋಯಿತು. ಒಂದು ಗಂಟೆಯದಕ್ಕೆ ಕಂಡಕ್ಟರ್ ತಾನಾಗಿಯೇ ಬಂದು, "ಅಮ್ಮಾ, ಎರಡು ಬಸ್ ಬಿಟ್ರಂತೆ, ಇದಕ್ಕಾದ್ರೂ ಬರ್ತೀರಾ? ಕಿಟಕಿ ಪಕ್ಕ ಜಾಗ ಇದೆ" ಎಂದ. ನಾನು ಎದ್ದೆ. ಮೆಟ್ಟಿಲ ಮೇಲೆ ಒಂದು ಕಾಲನ್ನೂ ಇಟ್ಟೆ. ಆಮೇಲೆ ಇಳಿದೆ. ಮಧ್ಯಾಹ್ನದ ಮಾತ್ರೆ ಮನೆಯಲ್ಲೇ ಉಳಿದಿತ್ತು, ಅದಕ್ಕೆ.

ಮನೆಗೆ ಬಂದಾಗ ಮೂರು ಗಂಟೆ. ಬೀದಿಯ ತಿರುವಿನಲ್ಲೇ ಇಡೀ ಸಂಸಾರ ನಿಂತಿತ್ತು. ತಮ್ಮನ ಹೆಂಡತಿ ಓಡಿ ಬಂದು ನನ್ನ ಭುಜದಿಂದ ಅಂಗೈಯವರೆಗೆ ಸವರಿ ನೋಡಿದಳು, ಕೈತಪ್ಪಿ ಬಿದ್ದ ಪಾತ್ರೆ ಬಿರುಕು ಬಿಟ್ಟಿದೆಯೇ ಎಂದು ನೋಡುವ ಹಾಗೆ. "ಅತ್ತಿಗೆ, ನಿಮಗೇನಾದ್ರೂ ಆಗಿದ್ರೆ ನಾವೇನು ಮಾಡ್ಬೇಕಿತ್ತು?" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ನಾಟಕವಲ್ಲ ಕಣೇ, ನಿಜವಾದ ಅಳು. ನನ್ನ ಹೆಗಲು ಒದ್ದೆಯಾಯಿತು. ಆದರೆ ಆ ಅಳು ನನಗಾಗಿಯೋ ಪಿಂಚಣಿಗಾಗಿಯೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ. ಅದನ್ನು ನೆನೆದರೆ ಅವಳ ಮೇಲೂ ಅಯ್ಯೋ ಅನ್ನಿಸುತ್ತದೆ, ನನ್ನ ಮೇಲೂ ಅನ್ನಿಸುತ್ತದೆ.

ನಡೆಯಲಾಗದವರಿಗೆ ಗುಮಾಸ್ತರೇ ಮನೆಗೆ ಬಂದು ಸಹಿ ಹಾಕಿಸಿಕೊಳ್ಳುತ್ತಾರಂತೆ. ಮಾರನೆಯ ದಿನವೇ ತಮ್ಮ ಅದಕ್ಕೆ ಅರ್ಜಿ ಹಾಕಿದ. "ನಾನು ನಡೀತೀನಲ್ಲೋ" ಎಂದೆ. "ನಡೀತೀಯ ಅಕ್ಕ, ಅದೇ ಭಯ" ಎಂದ. ಅರ್ಜಿ ಮಂಜೂರಾಗಿದೆ. ಮುಂದಿನ ವರ್ಷದಿಂದ ಆ ಸವಾರಿಯೂ ಇಲ್ಲ.

ಹಾಗಾಗಿ ನೀನು ಬಾ ಎಂದು ಕರೆದಿರುವುದಕ್ಕೆ ಏನು ಹೇಳಲಿ? ಒಂದು ಕೋಣೆ ಖಾಲಿ ಇದೆ, ಕಿಟಕಿ ಪೂರ್ವಕ್ಕಿದೆ ಎಂದು ಬರೆದಿದ್ದೀಯ. ಆಸೆಯಾಗುತ್ತದೆ. ಆದರೆ ಹುಡುಗಿಯ ಓದು ಇನ್ನೂ ಎರಡು ವರ್ಷವಿದೆ. ಪಿಂಚಣಿಯನ್ನು ಇಲ್ಲಿಗೇ ಕೊಟ್ಟು ನಾನು ಅಲ್ಲಿರಬಹುದು ಎಂದು ನೀನು ವಾದಿಸುತ್ತೀಯ, ನನಗೆ ಗೊತ್ತು. ಅವರು ಒಪ್ಪಲಾರರು. ಕಣ್ಣೆದುರಿಗಿಲ್ಲದ ನನ್ನನ್ನು ಕ್ಷೇಮವಾಗಿಡುವುದು ಹೇಗೆ? ನನ್ನನ್ನು ಮರೆತುಬಿಡು ಎನ್ನುವುದಿಲ್ಲ, ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು.

ನಿನ್ನ ಬೆರಳುಗಳು ಗಟ್ಟಿಯಾಗಿರಲಿ, ಉಪ್ಪು ಹಾಕಿಕೊಂಡು ಊಟ ಮಾಡು. ನನ್ನ ಪಾಲಿನದನ್ನೂ ನೀನೇ ತಿನ್ನು. ನಿನಗೆ ಒಳ್ಳೆಯದೇ ಆಗಲಿ.

ನಿನ್ನ,
ಠಸ್ಸೆ

ವಿ. ಸೂ.: ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ಐದನೇ ತಾರೀಖು ನಿನ್ನ ಊರಿನ ಬಸ್ ಹತ್ತಲು ಹೋದವಳು, ನೀನು ಕರೆದ ಪತ್ರ ಹದಿನೇಳಕ್ಕೆ ಬಂತು ಎಂದು ಬರೆದಿದ್ದೇನೆ. ಮೂವತ್ತಾರು ವರ್ಷ ತಾರೀಖು ಕಾಯ್ದವಳ ಅವಸ್ಥೆ ನೋಡು! ನೀನು ಮೊದಲ ಓದಿಗೇ ಹಿಡಿದಿರುತ್ತೀಯ. ಅಂಚೆಯವರ ತಪ್ಪಿಲ್ಲ. ಪತ್ರ ಮಾರ್ಚ್‌ನಲ್ಲೇ, ನೀನು ಹಾಕಿದ ಮೂರನೇ ದಿನಕ್ಕೇ ಬಂದಿತ್ತು. ಎಂಟು ತಿಂಗಳು ದಿಂಬಿನ ಚೀಲದೊಳಗೆ ನಾನೇ ಮಲಗಿಸಿದ್ದೆ. ಬಸ್ ನಿಲ್ದಾಣದಲ್ಲಿ ಅದು ನನ್ನ ಕೈಚೀಲದಲ್ಲಿತ್ತು.

ಮಾತ್ರೆಯ ಮಾತೂ ಸುಳ್ಳು, ಅದೂ ಕೈಚೀಲದಲ್ಲೇ ಇತ್ತು. ಮೆಟ್ಟಿಲ ಮೇಲೆ ಕಾಲಿಟ್ಟಾಗ ನಿನ್ನ ಪತ್ರದ ಒಂದು ಸಾಲು ನೆನಪಾಯಿತು. "ನಿನ್ನಿಂದ ನನಗೆ ಏನೂ ಬೇಡ, ದುಡ್ಡೂ ಬೇಡ, ಕೆಲಸವೂ ಬೇಡ, ಸುಮ್ಮನೆ ಬಂದು ಇರು" ಎಂದು ಬರೆದಿದ್ದೀಯಲ್ಲ, ಆ ಸಾಲು. ಪ್ರೀತಿಯಿಂದ ಬರೆದದ್ದು, ಗೊತ್ತು. ಆದರೆ ಇಪ್ಪತ್ತನಾಲ್ಕನೇ ವಯಸ್ಸಿನಿಂದ ನಾನು ನನ್ನಿಂದ ಏನಾದರೂ ಬೇಕು ಅನ್ನುವವರ ಮಧ್ಯೆಯೇ ಇದ್ದೇನೆ. ಏನೂ ಬೇಡ ಅನ್ನುವವರ ಮನೆಯಲ್ಲಿ ಬೆಳಿಗ್ಗೆ ಎದ್ದು ನಾನು ಯಾಕೆ ಇದ್ದೇನೆ ಎಂದುಕೊಳ್ಳಲಿ? ನನ್ನನ್ನು ಕಟ್ಟಿಹಾಕಿರುವವರು ಇವರು ಎಂದು ಇಷ್ಟು ದಿನ ತಿಳಿದಿದ್ದೆ. ಅವತ್ತು ಕಿಟಕಿ ಪಕ್ಕದ ಸೀಟು ಖಾಲಿ ಇತ್ತು, ಯಾರೂ ತಡೆಯಲಿಲ್ಲ, ನಾನೇ ಇಳಿದೆ.

ಈಗ ತಾನೇ ಪೆಟ್ಟಿಗೆಯಿಂದ ಹಳೆಯ ಠಸ್ಸೆ ತೆಗೆದು, ಇವತ್ತಿನ ತಾರೀಖಿಗೆ ತಿರುಗಿಸಿ, ನಿನ್ನ ಪತ್ರದ ಮೇಲೆ ಒತ್ತಿದೆ. ನೆಟ್ಟಗೆ ಬಿದ್ದಿದೆ, ವರ್ಷ ಮಾತ್ರ ತಪ್ಪು. ಸದ್ದಿಗೆ ಒಳಗಿನಿಂದ ತಮ್ಮನ ಹೆಂಡತಿ "ಅತ್ತಿಗೆ, ಏನು ಬಿತ್ತು?" ಎಂದು ಕೂಗಿದಳು. ಏನೂ ಇಲ್ಲಮ್ಮಾ ಎಂದೆ.

ನೀನು ಇನ್ನೊಂದು ಪತ್ರ ಬರಿ ಟಕಟಕಿ. ನನ್ನಿಂದ ನಿನಗೆ ಏನಾದರೂ ಬೇಕು ಎಂದು ಬರಿ. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿಲ್ಲ, ನೀನು ಬರಬೇಕು ಎಂದಾದರೂ ಬರಿ. ಸುಳ್ಳಾದರೂ ಪರವಾಗಿಲ್ಲ. ಆ ಪತ್ರವನ್ನು ನಾನು ಮಲಗಿಸುವುದಿಲ್ಲ.